ಕಲ್ಪೇನಿಯಲ್ಲಿ ಒಂದು ಹಗಲು: ಹಡಗಿನಿಂದ ಇಳಿದು ಮತ್ತೆ ಹತ್ತುವ ತನಕ

ಮೈಸೂರು_ಪಯಣ
ಎಲ್ಲರಿಗೂ ನಮಸ್ಕಾರ. ಕೊಚ್ಚಿಯಿಂದ ಹೊರಡುವ ಐದು ದಿನದ ಲಕ್ಷದ್ವೀಪ ಹಡಗು ಪ್ರವಾಸ, ಜನವರಿ ಕೊನೆಯ ವಾರ. ಕವರತ್ತಿ, ಕಲ್ಪೇನಿ, ಮಿನಿಕಾಯ್: ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ನನ್ನ ಪ್ರಶ್ನೆ ಕಲ್ಪೇನಿಯ ದಿನದ ಬಗ್ಗೆ ಮಾತ್ರ. ನಾವು ನಾಲ್ವರು: ಇಬ್ಬರು ದೊಡ್ಡವರು, ಎಂಟು ವರ್ಷದ ಮಗಳು, ಮಂಡಿನೋವಿರುವ 67ರ ಅತ್ತೆ. ಈಜು ಯಾರಿಗೂ ಸರಿಯಾಗಿ ಬಾರದು. ಓಡಾಡಿ ಎಲ್ಲವನ್ನೂ ನೋಡಿ ಮುಗಿಸುವ ಆಸೆಯಿಲ್ಲ, ನಿಧಾನವಾಗಿ ಕಳೆಯಬೇಕು. ಏನು ಮಾಡಬೇಕು, ಏನು ಬಿಡಬೇಕು, ಚೀಲದಲ್ಲಿ ಏನಿರಬೇಕು? ತಿಳಿದವರು ವಿವರವಾಗಿ ಹೇಳಿ.

ದಕ್ಕೆಹುಡುಗ_ಮಂಗಳೂರು
ಇಡೀ ದಿನದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಹಡಗಿನಿಂದ ದೋಣಿಗೆ ಕಾಲಿಡುವ ಹತ್ತು ಸೆಕೆಂಡಿಗೆ ಮಾರಾಯ್ರೇ. ಅದನ್ನೇ ಮೊದಲು ಹೇಳ್ತೇನೆ.

ಕಲ್ಪೇನಿಯ ಸುತ್ತ ಹವಳದ ದಿಬ್ಬ ಇದೆ. ದಿಬ್ಬದ ಒಳಗಿನ ತಿಳಿನೀರಿಗೆ ಲಗೂನ್ ಅಂತಾರೆ. ಅಲ್ಲಿ ಹೆಚ್ಚಿನ ಕಡೆ ಆಳ ಒಂದೆರಡು ಆಳು, ಕೆಲವು ಕಡೆ ಸೊಂಟದಷ್ಟೇ. ದೊಡ್ಡ ಹಡಗಿಗೆ ಅದು ಸಾಲದು. ದಿಬ್ಬದ ಹೊರಗೋ ಕಡಲು ಒಮ್ಮೆಲೇ ಪಾತಾಳ. ಹಾಗಾಗಿ ಹಡಗು ಹೊರಗೇ ನಿಲ್ಲುತ್ತದೆ, ದ್ವೀಪದಿಂದ ದೋಣಿಗಳು ಬಂದು ಹಡಗಿನ ಪಕ್ಕದ ಬಾಗಿಲಿಗೆ ತಾಗಿ ನಿಲ್ಲುತ್ತವೆ. ಹಡಗು ಭಾರ, ಹೆಚ್ಚು ಅಲ್ಲಾಡುವುದಿಲ್ಲ. ದೋಣಿ ಹಗುರ, ತೆರೆಯ ಜೊತೆ ಏರಿ ಇಳಿಯುತ್ತದೆ. ಕಡಲು ಶಾಂತವಿದ್ದ ದಿನವೂ ಎರಡು ಮೂರು ಅಡಿ ವ್ಯತ್ಯಾಸ ಇದ್ದೇ ಇರುತ್ತದೆ.

ಕ್ರಮ ಹೀಗೆ. ಲೈಫ್ ಜಾಕೆಟ್‌ನ ಎಲ್ಲ ಬಕಲ್ ಹಾಕಿ. ಎರಡೂ ಕೈ ಖಾಲಿ ಇರಲಿ: ಚೀಲ ಬೆನ್ನಿಗೆ ಬೇಡ, ಖಲಾಸಿಗಳ (ಹಡಗು, ದೋಣಿಯ ಕೆಲಸದವರು) ಕೈಗೆ ಕೊಟ್ಟರೆ ಅವರೇ ದಾಟಿಸುತ್ತಾರೆ. ಬಾಗಿಲಲ್ಲಿ ನಿಂತಾಗ ಒಬ್ಬ ಖಲಾಸಿ ಹಡಗಿನ ಕಡೆಯಿಂದ, ಇನ್ನೊಬ್ಬ ದೋಣಿಯಿಂದ ನಿಮ್ಮ ಮುಂಗೈ ಹಿಡಿಯುತ್ತಾರೆ. ನೀವೂ ಅವರ ಮುಂಗೈಯನ್ನೇ ಹಿಡಿಯಿರಿ, ಬೆರಳಿಗೆ ಬೆರಳು ಕೊಟ್ಟರೆ ಒದ್ದೆಯಲ್ಲಿ ಜಾರುತ್ತದೆ. ದೋಣಿ ಮೇಲೇರಿ ಬಾಗಿಲಿನ ಮಟ್ಟಕ್ಕೆ ಬಂದು ಅರೆಗಳಿಗೆ ನಿಲ್ಲುತ್ತದಲ್ಲ, ಆಗ ಅವರು 'ಬಾ' ಅಂತಾರೆ. ಆಗಲೇ ಒಂದು ಹೆಜ್ಜೆ. ಹಾರಬಾರದು. ಅರ್ಧ ಮನಸ್ಸಿನಿಂದ ಒಂದು ಕಾಲು ಇಲ್ಲಿ, ಒಂದು ಕಾಲು ಅಲ್ಲಿ ಇಟ್ಟು ನಿಂತರೆ ದೋಣಿ ಕೆಳಗಿಳಿದು ಕಾಲು ಎಳೆಯುತ್ತದೆ. ಪೆಟ್ಟಾಗುವುದು ಹೆಚ್ಚಾಗಿ ಹೀಗೆಯೇ. ಒಂದು ಸಲ ತಪ್ಪಿತೋ, ಮುಂದಿನ ತೆರೆಗೆ ಕಾಯಿರಿ, ಯಾರೂ ಬೈಯುವುದಿಲ್ಲ.

ದೋಣಿಗೆ ಬಂದ ಕೂಡಲೇ ಕೂತುಬಿಡಿ. ಮುಖ್ಯವಾಗಿ ದೋಣಿಯ ಅಂಚಿನ ಮೇಲೆ ಕೈ ಇಡಬೇಡಿ. ದೋಣಿಗೂ ಹಡಗಿಗೂ ನಡುವೆ ಬೆರಳು ಸಿಕ್ಕಿದರೆ ಉಳಿಯುವುದಿಲ್ಲ. ಮಕ್ಕಳಿಗೆ ಇದನ್ನು ಹಿಂದಿನ ರಾತ್ರಿಯೇ ಎರಡು ಸಲ ಹೇಳಿಡಿ.

ಚಪ್ಪಲಿ: ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಸ್ಯಾಂಡಲ್. ಹವಾಯಿ ಚಪ್ಪಲಿ ಮೊದಲ ಹೆಜ್ಜೆಗೇ ನೀರುಪಾಲು. ಮೊಬೈಲ್ ಅಂಗಿಯ ಜೇಬಿನಲ್ಲಿ ಬೇಡ, ಬಗ್ಗಿದ ಕೂಡಲೇ ಬೀಳುತ್ತದೆ. ಸೀರೆ ಬೇಡ, ಚೂಡಿದಾರದ ದುಪಟ್ಟಾ ಕೂಡ ಹಡಗಿನಲ್ಲೇ ಮಡಚಿ ಚೀಲಕ್ಕೆ ಹಾಕಿ.

ಮೈಸೂರು_ಪಯಣ
ತುಂಬಾ ಉಪಯೋಗವಾಯಿತು ಸರ್. ಅತ್ತೆಯವರಿಂದ ಇದು ಆಗುತ್ತದೆಯೇ?

ದಕ್ಕೆಹುಡುಗ_ಮಂಗಳೂರು
ಮನೆಯಲ್ಲೇ ಪರೀಕ್ಷಿಸಿ. ಒಂದೂವರೆ ಅಡಿ ಎತ್ತರದ ಗಟ್ಟಿ ಸ್ಟೂಲು ಇಡಿ. ಒಬ್ಬರು ಕೈ ಹಿಡಿದಿರುವಾಗ ಅವರು ಅದನ್ನು ಹತ್ತಿ ಇಳಿಯಬಲ್ಲರೇ? ಎಡಗಾಲು ಮುಂದಿಟ್ಟು ಒಮ್ಮೆ, ಬಲಗಾಲು ಮುಂದಿಟ್ಟು ಒಮ್ಮೆ. ಎರಡೂ ಆದರೆ ಖಲಾಸಿಗಳ ಸಹಾಯದಿಂದ ಆಗುತ್ತದೆ. ಯಾವ ಕಾಲು ಗಟ್ಟಿ ಅನ್ನುವುದನ್ನು ಖಲಾಸಿಗೆ ಮೊದಲೇ ಹೇಳಿ, ಆ ಕಾಲನ್ನೇ ಮುಂದಿಡಲಿ. ಇಳಿಯುವುದಕ್ಕಿಂತ ಸಂಜೆ ವಾಪಸ್ ಹಡಗಿಗೆ ಹತ್ತುವುದು ಕಷ್ಟ, ಏಕೆಂದರೆ ಆಗ ಮೈಭಾರವನ್ನು ಮೇಲೆತ್ತಬೇಕು, ಜೊತೆಗೆ ದಿನದ ದಣಿವು. ಮೂರು ದ್ವೀಪ ಅಂದರೆ ಒಟ್ಟು ಆರು ಸಲ ಈ ದಾಟುವಿಕೆ. ಸ್ಟೂಲಿನ ಪರೀಕ್ಷೆಯಲ್ಲಿ ಆಗದಿದ್ದರೆ ಒಂದು ದ್ವೀಪದ ದಿನ ಹಡಗಿನಲ್ಲೇ ಕೂರುವುದು ತಪ್ಪಲ್ಲ. ಗಾಲಿಕುರ್ಚಿಯಲ್ಲಿ ಇಳಿಸುವ ವ್ಯವಸ್ಥೆಯನ್ನು ಮಾತ್ರ ನಂಬಿ ಬರಬೇಡಿ.

ಧಾರವಾಡದಾಂವ
ಬಿಸಿಲು ಚಲೋ ಇದ್ದು, ಆಕಾಶ ನೀಲಿ ಇದ್ದರೂ ಒಮ್ಮೊಮ್ಮೆ ದ್ವೀಪಕ್ಕೆ ಇಳಿಸೋದಿಲ್ಲ ಅಂತಾರಲ್ರಿ, ಯಾಕ?

ದಕ್ಕೆಹುಡುಗ_ಮಂಗಳೂರು
ತೆರೆ ಎಬ್ಬಿಸುವ ಗಾಳಿ ಅಲ್ಲೇ ಬೀಸಬೇಕೆಂದಿಲ್ಲ. ದಕ್ಷಿಣ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ತೆರೆಗಳು ಸಾವಿರಾರು ಕಿಲೋಮೀಟರ್ ಸಾಗಿ ಕೆಲವು ದಿನಗಳ ನಂತರ ಲಕ್ಷದ್ವೀಪ, ಕೇರಳ ತಲುಪುತ್ತವೆ. ಮಲಯಾಳದಲ್ಲಿ ಇದಕ್ಕೆ 'ಕಳ್ಳಕ್ಕಡಲ್' ಅಂತಾರೆ, ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. ಮೇಲ್ನೋಟಕ್ಕೆ ನೀರು ನಯವಾಗಿಯೇ ಕಾಣುತ್ತದೆ, ಆದರೆ ಉದ್ದುದ್ದ ತೆರೆಗಳು ನಿಧಾನವಾಗಿ ದೋಣಿಯನ್ನು ಆಳೆತ್ತರ ಏರಿಳಿಸುತ್ತವೆ. ಆಗ ಕಪ್ತಾನ ಇಳಿಸುವುದಿಲ್ಲ, ಅದೇ ಸರಿ. ಏಪ್ರಿಲ್-ಮೇ ತಿಂಗಳಲ್ಲಿ ಇದು ಹೆಚ್ಚು, ಜನವರಿಯಲ್ಲಿ ಕಡಿಮೆ. ಹೈದರಾಬಾದಿನ ಇನ್ಕಾಯ್ಸ್ (INCOIS) ಎಂಬ ಸಾಗರ ಮಾಹಿತಿ ಸಂಸ್ಥೆ ಈ ತೆರೆಗಳ ಮುನ್ಸೂಚನೆ ಕೊಡುತ್ತದೆ, ಹೊರಡುವ ಎರಡು ದಿನ ಮೊದಲು ನೋಡಿಕೊಳ್ಳಿ.

ಕೊಚ್ಚಿಯಿಂದ_ಕನ್ನಡಿಗ
ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ದ್ವೀಪದವರಲ್ಲದ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, 1967ರ ನಿಯಮ. ಪ್ಯಾಕೇಜಿನಲ್ಲಿ ಅದನ್ನು ಪ್ರವಾಸದವರೇ ಮಾಡಿಸುತ್ತಾರೆ, ಆದರೆ ಗುರುತಿನ ಚೀಟಿಯಲ್ಲಿರುವ ಹೆಸರೂ ಪರವಾನಗಿಯ ಹೆಸರೂ ಅಕ್ಷರಕ್ಕಕ್ಷರ ಒಂದೇ ಇರಬೇಕು. ತಂದೆಯ ಹೆಸರಿನ ಮೊದಲಕ್ಷರ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ ಇದ್ದು ಹಡಗುಕಟ್ಟೆಯಲ್ಲಿ ತಡವಾಗುವುದು ನಮ್ಮ ಕರ್ನಾಟಕದವರಿಗೇ ಜಾಸ್ತಿ. ಮೂಲ ಚೀಟಿ ಮತ್ತು ಎರಡು ನಕಲು ಇಟ್ಟುಕೊಳ್ಳಿ. ಮದ್ಯ ತರಬೇಡಿ, ಜನವಸತಿಯ ದ್ವೀಪಗಳಲ್ಲಿ ನಿಷೇಧ.

ಮೊಬೈಲ್: ನಡುಗಡಲಲ್ಲಿ ಸಿಗ್ನಲ್ ಇಲ್ಲ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಸಮುದ್ರದಡಿಯ ಕೇಬಲ್ ಬಂದ ಮೇಲೆ ದ್ವೀಪಗಳಲ್ಲಿ ಪರಿಸ್ಥಿತಿ ಸುಧಾರಿಸಿದೆ, ಆದರೂ ಬಿಎಸ್ಸೆನ್ನೆಲ್ ಅಥವಾ ಏರ್‌ಟೆಲ್ ಸಿಮ್ ಒಂದಿರಲಿ. ಎಟಿಎಂ ನಂಬಿ ಹೋಗಬೇಡಿ, ನೂರು-ಇನ್ನೂರರ ನೋಟುಗಳಲ್ಲಿ ನಗದು ಒಯ್ಯಿರಿ.

ದಿನದ ಲೆಕ್ಕ: ಬೆಳಗಿನ ತಿಂಡಿ ಹಡಗಿನಲ್ಲಿ. ಎಲ್ಲರನ್ನೂ ದೋಣಿಗಿಳಿಸಿ ದಡ ಸೇರಿಸುವ ಹೊತ್ತಿಗೆ ಒಂಬತ್ತು, ಒಂಬತ್ತೂವರೆ. ಮರಳಿ ದೋಣಿ ಹತ್ತುವುದು ನಾಲ್ಕರ ಆಸುಪಾಸು. ಕೈಯಲ್ಲಿ ಉಳಿಯುವುದು ಆರೂವರೆ ಗಂಟೆ, ಅದರಲ್ಲಿ ಊಟಕ್ಕೆ ಒಂದೂವರೆ. ಪ್ರವಾಸಿಗರಿಗೆ ಜಾಗ ಮಾಡಿರುವುದು ಕೂಮೇಲ್ ಎಂಬ ಕೊಲ್ಲಿಯ ದಡದಲ್ಲಿ. ಎದುರಿಗೇ ತಿಲಕ್ಕಂ, ಪಿಟ್ಟಿ ಎಂಬ ಎರಡು ಪುಟ್ಟ ದ್ವೀಪ ಕಾಣುತ್ತವೆ. ನೆರಳು, ಬಟ್ಟೆ ಬದಲಿಸುವ ಕೋಣೆ, ಊಟ ಎಲ್ಲವೂ ಅಲ್ಲೇ. ನಿಮ್ಮ ಅತ್ತೆಯವರು ಅಲ್ಲಿಂದ ಕದಲದೆಯೂ ಇಡೀ ದಿನ ಸುಖವಾಗಿ ಕೂರಬಹುದು.

ಧಾರವಾಡದಾಂವ
ಅಷ್ಟು ದೂರ ಹೋಗಿ ಒಂದೇ ಕಡೆ ಕೂರೋದು ಯಾಕ್ರಿ? ಕಯಾಕ್‌ನಾಗ (ಹುಟ್ಟು ಹಾಕೋ ಸಣ್ಣ ದೋಣಿ) ತಿಲಕ್ಕಂಗೆ ಹೋಗಿ ಬರಬಹುದು, ಗಾಜಿನ ತಳದ ದೋಣಿ ಐತಿ, ಊರಾಗ ತೆಂಗಿನ ನಾರಿನ ಕೆಲಸ ನೋಡಬಹುದು, ಮಧ್ಯಾಹ್ನ ಕೋಲ್ಕಳಿ ಕುಣಿತ ಇದ್ದರ ಅದನ್ನೂ ನೋಡಬಹುದು. ಎಲ್ಲಾ ಆರು ತಾಸಿನಾಗ ಆಗತೈತಿ.

ಕೊಚ್ಚಿಯಿಂದ_ಕನ್ನಡಿಗ
ಈಜು ಬಲ್ಲ ಇಬ್ಬರು ತರುಣರಿಗೆ ಆಗುತ್ತದೆ ಸರ್. ಮಗು, ಹಿರಿಯರು ಇದ್ದಲ್ಲಿ ಎರಡು ಆರಿಸಿ, ಉಳಿದದ್ದು ಬಿಡಿ. ಕಾರಣ ಬಿಸಿಲು. ನಮ್ಮ ಗಡಿಯಾರ ಅಲಹಾಬಾದಿನ (ಈಗಿನ ಪ್ರಯಾಗರಾಜ್) ಹತ್ತಿರದ ರೇಖಾಂಶದ್ದು, ಕಲ್ಪೇನಿ ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ. ಹಾಗಾಗಿ ಜನವರಿಯಲ್ಲಿ ಅಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಹನ್ನೆರಡಕ್ಕಲ್ಲ, 12:45ರ ಸುಮಾರಿಗೆ. ಹನ್ನೊಂದೂವರೆಯಿಂದ ಎರಡರ ತನಕ ನೆರಳಿನಲ್ಲಿರಿ. ಬೆಳಿಗ್ಗೆ ಬಂದ ಕೂಡಲೇ ಗಾಜಿನ ತಳದ ದೋಣಿ, ಆಮೇಲೆ ನೀರಾಟ, ಹನ್ನೊಂದೂವರೆಗೆ ಮೇಲೆದ್ದು ಎಳನೀರು, ಊಟ, ನಿದ್ದೆ. ಎರಡೂವರೆಯ ನಂತರ ದಡದಗುಂಟ ಸಣ್ಣ ನಡಿಗೆ. ಇಷ್ಟು ಸಾಕು, ತುಂಬ ಸಾಕು.

ಗಾಜಿನ ತಳದ ದೋಣಿಯನ್ನು ಮೊದಲಿಗಿಡಿ ಅನ್ನುವುದಕ್ಕೂ ಕಾರಣವಿದೆ. ಜನ ನೀರಿಗಿಳಿದ ಮೇಲೆ ತಳದ ಮರಳು ಕದಡುತ್ತದೆ, ಗಾಳಿ ಏರಿದರೆ ನೀರಿನ ಮೇಲ್ಮೈ ಮುರಿದು ಏನೂ ಕಾಣದು.

ನೀಲಿನೀರು_ಮುರುಡೇಶ್ವರ
ಸ್ನಾರ್ಕೆಲ್, ಅಂದರೆ ಕಣ್ಣು-ಮೂಗಿಗೆ ಗಾಜಿನ ಮಾಸ್ಕ್ ಹಾಕಿ, ಬಾಯಿಯ ಕೊಳವೆಯಿಂದ ಉಸಿರಾಡುತ್ತ ನೀರಿನೊಳಗೆ ನೋಡುವುದು. ಅದರ ಬಗ್ಗೆ ನಾನು ಹೇಳುತ್ತೇನೆ. ಈಜು ಬಾರದವರೂ ಎದೆಮಟ್ಟದ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿ, ಮಾರ್ಗದರ್ಶಿಯ ಕೈಯಳತೆಯಲ್ಲಿ ಮಾಡಬಹುದು. ಅದಕ್ಕಿಂತ ಆಳಕ್ಕೆ ಬೇಡ.

ಮಾಸ್ಕ್ ಆರಿಸುವುದು: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರೆಳೆದು ಕೈ ಬಿಡಿ. ಅದು ಮುಖಕ್ಕೆ ಅಂಟಿಕೊಂಡು ನಿಂತರೆ ಅಳತೆ ಸರಿ. ಬಿದ್ದರೆ ಬೇರೆ ಕೇಳಿ, ಪಟ್ಟಿ ಬಿಗಿದು ಸರಿಮಾಡಲು ಹೋಗಬೇಡಿ. ಬಿಗಿದಷ್ಟೂ ರಬ್ಬರಿನ ಅಂಚು ಸೊಟ್ಟಗಾಗಿ ಇನ್ನಷ್ಟು ಸೋರುತ್ತದೆ. ಅಂಚಿನ ಕೆಳಗೆ ಒಂದೇ ಒಂದು ಕೂದಲೆಳೆ ಸಿಕ್ಕಿದರೂ ನೀರು ಜಿನುಗುತ್ತದೆ, ಹಣೆಯ ಕೂದಲನ್ನು ಹಿಂದಕ್ಕೆ ಸವರಿ. ದಪ್ಪ ಮೀಸೆಯವರಿಗೆ ಮೂಗಿನ ಕೆಳಗೆ ಸೋರುತ್ತದೆ. ಮೀಸೆಯ ಮೇಲಂಚನ್ನು ಮೂರು ನಾಲ್ಕು ಮಿಲಿಮೀಟರ್ ಬೋಳಿಸಿದರೆ ನಿಲ್ಲುತ್ತದೆ. ಕನ್ನಡಕದವರು ಪವರ್ ಗಾಜಿನ ಮಾಸ್ಕನ್ನು ಊರಲ್ಲೇ ಕೊಂಡು ಬನ್ನಿ.

ಮಂಜು ಹಿಡಿಯುವುದು: ಹೊಸ ಮಾಸ್ಕಿನ ಗಾಜಿನ ಒಳಮೈಗೆ ಕಾರ್ಖಾನೆಯ ಜಿಡ್ಡಿನ ಪದರ ಇರುತ್ತದೆ. ಮನೆಯಲ್ಲೇ ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಒಂದೆರಡು ನಿಮಿಷ ಉಜ್ಜಿ ತೊಳೆಯಿರಿ, ಮೂರು ಸಲ. ಜೆಲ್ ಪೇಸ್ಟ್ ಕೆಲಸಕ್ಕೆ ಬಾರದು. ನೀರಿಗಿಳಿಯುವಾಗ ಮಕ್ಕಳ ಶಾಂಪೂ ಒಂದು ಹನಿ ಸವರಿ, ಒಂದೇ ಸಲ ಅದ್ದಿ ತೆಗೆಯಿರಿ. ಪೂರ್ತಿ ತೊಳೆದರೆ ಉಪಯೋಗವಿಲ್ಲ.

ಮೊದಲ ಹತ್ತು ನಿಮಿಷ ನಡುಮಟ್ಟದ ನೀರಲ್ಲಿ ಮಂಡಿಯೂರಿ ಮುಖ ಮಾತ್ರ ಮುಳುಗಿಸಿ ಉಸಿರಾಡಿ. ಉಸಿರು ನಿಧಾನ, ಆಳ. ಗಾಬರಿಗೊಂಡವರು ಬೇಗಬೇಗ ಮೇಲುಸಿರು ಬಿಡುತ್ತಾರೆ, ಕೊಳವೆಯೊಳಗಿನ ಹಳೆಯ ಗಾಳಿಯೇ ಮತ್ತೆ ಒಳಗೆ ಹೋಗಿ ತಲೆ ಸುತ್ತುತ್ತದೆ. ಕೊಳವೆಗೆ ನೀರು ಹೊಕ್ಕರೆ ಊದುಬತ್ತಿ ಆರಿಸುವ ಹಾಗಲ್ಲ, ಒಲೆ ಊದುವ ಹಾಗೆ 'ಫೂ' ಎಂದು ಒಂದೇ ಸಲ ಜೋರಾಗಿ ಊದಿ. ಅದಕ್ಕಾಗಿ ಎದೆಯಲ್ಲಿ ಸ್ವಲ್ಪ ಉಸಿರು ಯಾವಾಗಲೂ ಉಳಿಸಿಕೊಳ್ಳಿ. ಮಾಸ್ಕಿಗೆ ನೀರು ಹೊಕ್ಕರೆ ತಲೆ ಮೇಲೆತ್ತಿ, ಕೆಳ ಅಂಚನ್ನು ಸ್ವಲ್ಪ ಎತ್ತಿ ಚೆಲ್ಲಿದರಾಯಿತು.

ಮಗುವಿಗೆ ಪೂರ್ತಿ ಮುಖ ಮುಚ್ಚುವ ಮಾಸ್ಕ್ ಕೊಡಬೇಡಿ. ನೀರು ಹೊಕ್ಕರೆ ಊದಿ ಹೊರಹಾಕಲು ಬಾಯಿಯಲ್ಲಿ ಕೊಳವೆ ಇರುವುದಿಲ್ಲ, ಗಾಬರಿಯಲ್ಲಿ ಪಟ್ಟಿ ಬಿಚ್ಚಲು ಮಗುವಿಗೆ ಆಗದು. ಲೈಫ್ ಜಾಕೆಟ್ ಹಾಕಿಸಿದ ಮೇಲೆ ಅದರ ಹೆಗಲ ಭಾಗ ಹಿಡಿದು ಮೇಲಕ್ಕೆತ್ತಿ ನೋಡಿ. ಅದು ಕಿವಿಯ ಮಟ್ಟಕ್ಕೆ ಜಾರಿ ಬಂದರೆ ದೊಡ್ಡದಾಯಿತು, ನೀರಿನಲ್ಲಿ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಎರಡು ಕಾಲಿನ ನಡುವೆ ಬರುವ ಪಟ್ಟಿ ಇರುವುದನ್ನೇ ಕೇಳಿ.

ಫಿನ್ (ಈಜಲು ಕಾಲಿಗೆ ಹಾಕುವ ರಬ್ಬರ್ ರೆಕ್ಕೆ) ಹಾಕಿ ಮುಂದಕ್ಕೆ ನಡೆಯಬೇಡಿ, ಮಗುಚಿ ಬೀಳುತ್ತೀರಿ. ಹಿಮ್ಮುಖವಾಗಿ ನಡೆಯಿರಿ. ಕಲಿಯುವವರಿಗೆ ಫಿನ್ ಇಲ್ಲದಿದ್ದರೇ ಒಳ್ಳೆಯದು. ನಿಲ್ಲಬೇಕೆನಿಸಿದಾಗ ಮರಳು ಕಂಡಲ್ಲಿ ಮಾತ್ರ ಕಾಲೂರಿ.

ದೋಣಿ ಬಂದ ದಾರಿಯ ಕಡೆಗೆ ಹೋಗಬೇಡಿ. ದಿಬ್ಬದ ಮೇಲಿಂದ ತೆರೆಗಳು ಒಳಗೆ ಸುರಿಯುವ ನೀರೆಲ್ಲ ವಾಪಸ್ ಹೋಗಲು ದಿಬ್ಬದಲ್ಲಿರುವ ಅದೇ ಕಿಂಡಿ ಬೇಕು. ಇಳಿತದ ಹೊತ್ತಿಗೆ ಅಲ್ಲಿ ಸೆಳೆತ ಜೋರು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಎರಡು ದಿನ ಇನ್ನೂ ಜೋರು. ಪಂಚಾಂಗ ನೋಡಿದರೆ ಗೊತ್ತಾಗುತ್ತದೆ. ಅಷ್ಟಮಿಯ ಹತ್ತಿರ ಬಿದ್ದರೆ ನೀರಿನ ಏರಿಳಿತ ಕಡಿಮೆ.

ಮೈಸೂರು_ಪಯಣ
ಸ್ಕೂಬಾ (ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಕೂಡ ಇದೆಯಂತಲ್ಲ, ನಮ್ಮವರಿಗೆ ಆಸೆ.

ನೀಲಿನೀರು_ಮುರುಡೇಶ್ವರ
ಮೇಡಂ, ಹೊಸಬರಿಗೆ ಮಾಡಿಸುವುದು ಹೆಚ್ಚೆಂದರೆ 12 ಮೀಟರ್ ಆಳಕ್ಕೆ, ಶಿಕ್ಷಕರ ಜೊತೆ. ಈಜು ಬೇಕೇ ಬೇಕೆಂದಿಲ್ಲ, ಆದರೆ ನೆಗಡಿ ಇದ್ದರೆ ಮಾಡಲೇಬಾರದು. ಮೂಗು ಕಟ್ಟಿದ್ದರೆ ಕಿವಿಯೊಳಗಿನ ಒತ್ತಡ ಸರಿದೂಗುವುದಿಲ್ಲ, ಎರಡು ಮೂರು ಮೀಟರಿಗೇ ಚುಚ್ಚುವ ನೋವು. ನೋವನ್ನು ಸಹಿಸಿ ಇಳಿದರೆ ಕಿವಿಪೊರೆಗೆ ಏಟು. ಸ್ಕೂಬಾ ಮಾಡಿದ ಮೇಲೆ 18 ಗಂಟೆ ವಿಮಾನ ಹತ್ತಬಾರದು. ಹಡಗಿನಲ್ಲಿ ರಾತ್ರಿ ಕಳೆದು ಕೊಚ್ಚಿಗೆ ಬರುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೂ ಕೊನೆಯ ದ್ವೀಪದ ಸಂಜೆ ಮಾಡಿ ಮರುದಿನ ಬೆಳಗಿನ ಮೊದಲ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ.

ಡಾಕ್ಟ್ರಕ್ಕ
ಆರೋಗ್ಯದ ವಿಷಯ ಒಂದೇ ಕಡೆ ಬರೆಯುತ್ತೇನೆ.

ಹಡಗಿನ ವಾಕರಿಕೆಗೆ ಮಾತ್ರೆ ತೆಗೆದುಕೊಳ್ಳಬೇಕಾದ್ದು ವಾಂತಿ ಶುರುವಾದ ಮೇಲಲ್ಲ, ಹಡಗು ಹೊರಡುವ ಒಂದೆರಡು ಗಂಟೆ ಮೊದಲು. ಪ್ರೊಮೆಥಜೀನ್ ಬಗೆಯ ಮಾತ್ರೆ ನಿದ್ದೆ ತರಿಸುತ್ತದೆ. ಅದರ ಅಮಲಿನಲ್ಲೇ ಬೆಳಿಗ್ಗೆ ದೋಣಿಗೆ ಕಾಲಿಡುವುದು ಅಪಾಯ. ನಿಮ್ಮ ಅತ್ತೆಯವರಿಗೆ ಗ್ಲುಕೋಮಾ ಇದ್ದರೆ ಅಥವಾ ಬೇರೆ ನಿದ್ದೆಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ವೈದ್ಯರನ್ನು ಕೇಳದೆ ಕೊಡಬೇಡಿ. ಮಗುವಿನ ಪ್ರಮಾಣ ತೂಕ ನೋಡಿ ವೈದ್ಯರೇ ಹೇಳಲಿ. ಹಡಗಿನ ನಡುಭಾಗದ, ಕೆಳಗಿನ ಅಂತಸ್ತಿನ ಕೋಣೆಯಲ್ಲಿ ತೂಗಾಟ ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆ ಬೇಡ, ಎಣ್ಣೆ ಪದಾರ್ಥವೂ ಬೇಡ. ಎರಡು ಇಡ್ಲಿ ಅಥವಾ ಬ್ರೆಡ್ಡು ಸಾಕು.

ದಡಕ್ಕೆ ಬಂದು ಕೂತ ಮೇಲೂ ನೆಲ ತೂಗಿದಂತೆ ಅನಿಸುತ್ತದೆ. ಅದು ಕಾಯಿಲೆಯಲ್ಲ, ಕಿವಿಯೊಳಗಿನ ಸಮತೋಲನದ ಅಂಗ ಹಡಗಿಗೆ ಹೊಂದಿಕೊಂಡಿರುತ್ತದೆ. ಅರ್ಧ ಗಂಟೆ ದೂರದ ದಿಗಂತ ನೋಡುತ್ತ ಕೂತರೆ ಕಡಿಮೆಯಾಗುತ್ತದೆ. ಹಿರಿಯರು ಆ ಅರ್ಧ ಗಂಟೆ ಒಬ್ಬರೇ ನಡೆಯುವುದು ಬೇಡ.

ಬಿಸಿಲು: ಮುಖ ನೀರಲ್ಲಿಟ್ಟು ತೇಲುವವರಿಗೆ ಸುಡುವುದು ಕುತ್ತಿಗೆಯ ಹಿಂಭಾಗ, ಬೆನ್ನು, ಮೀನಖಂಡ. ನೀರು ತಂಪಾಗಿರುವುದರಿಂದ ಸುಡುವುದು ತಿಳಿಯುವುದೇ ಇಲ್ಲ, ರಾತ್ರಿ ಹಾಸಿಗೆಯಲ್ಲಿ ತಿಳಿಯುತ್ತದೆ. ಉದ್ದ ತೋಳಿನ ಲೈಕ್ರಾ ಅಂಗಿ, ಮಂಡಿ ದಾಟುವ ಲೆಗ್ಗಿಂಗ್ ಹಾಕಿದರೆ ಸನ್‌ಸ್ಕ್ರೀನ್ ಮುಖ, ಕೈ, ಪಾದಕ್ಕೆ ಮಾತ್ರ ಸಾಕು. ಮೈಗೆಲ್ಲ ಹಚ್ಚುವುದಾದರೆ ಒಬ್ಬರಿಗೆ ಒಂದು ಸಲಕ್ಕೆ 30 ಮಿಲಿಲೀಟರ್ ಬೇಕು, ಎರಡು ಗಂಟೆಗೊಮ್ಮೆ ಮತ್ತೆ. ಅಷ್ಟು ಯಾರೂ ಹಚ್ಚುವುದಿಲ್ಲ, ಆದ್ದರಿಂದ ಬಟ್ಟೆಯೇ ವಾಸಿ.

ಹವಳ ತರಚಿದ ಗಾಯವನ್ನು ಸಣ್ಣದೆಂದು ಬಿಡಬೇಡಿ. ಹವಳದ ಪುಡಿ ಒಳಗೆ ಉಳಿದು ಕೀವಾಗುತ್ತದೆ. ಸಿಹಿನೀರು, ಸೋಪು ಹಾಕಿ ಮೆತ್ತನೆ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ, ಉರಿದರೂ ಸರಿ. ಆಮೇಲೆ ಪೊವಿಡೋನ್ ಅಯೋಡಿನ್. ಸಮುದ್ರ ಮುಳ್ಳುಚೆಂಡು (ಮೈತುಂಬ ಮುಳ್ಳಿರುವ ಚೆಂಡಿನಂಥ ಕಡಲಜೀವಿ) ಚುಚ್ಚಿದರೆ ಕಾಣುವ ಮುಳ್ಳನ್ನು ಚಿಮಟದಿಂದ ನೇರವಾಗಿ ಎಳೆದು ತೆಗೆದು, ಸಹಿಸಬಹುದಾದಷ್ಟು ಬಿಸಿ ನೀರಿನಲ್ಲಿ ಅರ್ಧದಿಂದ ಒಂದು ಗಂಟೆ ಅದ್ದಿಡಿ. 45 ಡಿಗ್ರಿ ದಾಟಬಾರದು. ನೋವಿರದ ಇನ್ನೊಂದು ಕಾಲನ್ನು ಮೊದಲು ಅದ್ದಿ ನೋಡಿ, ನೊಂದ ಕಾಲಿಗೆ ಬಿಸಿಯ ಅಂದಾಜು ಸಿಗುವುದಿಲ್ಲ. ಸಂದಿನ ಹತ್ತಿರ ಆಳಕ್ಕೆ ಮುರಿದ ಮುಳ್ಳನ್ನು ಕೆದಕಬೇಡಿ, ದ್ವೀಪದ ಆಸ್ಪತ್ರೆಗೆ ಹೋಗಿ. ಟೆಟನಸ್ ಚುಚ್ಚುಮದ್ದು ಹೊರಡುವ ಮೊದಲೇ ಆಗಿರಲಿ.

ನೀರು ತಲೆಗೆ ಎರಡು ಲೀಟರ್, ಓಆರೆಸ್ ಎರಡು ಪೊಟ್ಟಣ. ಇನ್ಸುಲಿನ್ ಇದ್ದರೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡಿ. ರಕ್ತದೊತ್ತಡ, ಸಕ್ಕರೆಯ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಒಂದು ದಿನದ್ದು ಹೆಚ್ಚಿಗೆ.

ಹವಳಪ್ರೇಮಿ
ಸನ್‌ಸ್ಕ್ರೀನ್ ವಿಷಯ ಬಂದದ್ದು ಒಳ್ಳೆಯದಾಯಿತು. ಕೊಳ್ಳುವುದಾದರೆ, ಹವಳದ ಹಿತಕ್ಕಾಗಿ, ಜಿಂಕ್ ಆಕ್ಸೈಡ್ ಇರುವುದನ್ನು ಕೊಳ್ಳಿ, ಆಕ್ಸಿಬೆನ್ಜೋನ್ ಇರುವುದು ಬೇಡ. ಡಬ್ಬಿಯ ಹಿಂದೆ ಬರೆದಿರುತ್ತದೆ.

ಕಾಲಡಿಯಲ್ಲಿರುವುದು ಕಲ್ಲಲ್ಲ, ಜೀವ. ಗುಂಡುಗುಂಡಾದ ಹವಳದ ಬಂಡೆ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ತೊಡೆಯೆತ್ತರದ ಬಂಡೆಯೊಂದರ ಮೇಲೆ ಯಾರಾದರೂ ನಿಂತರೆಂದರೆ, ಅವರ ಅಜ್ಜನ ಕಾಲದ್ದರ ಮೇಲೆ ನಿಂತರು. 1998, 2010, 2016, 2024ರಲ್ಲಿ ಸಮುದ್ರದ ನೀರು ಬಿಸಿಯೇರಿ ಲಕ್ಷದ್ವೀಪದ ಹವಳ ಬಿಳಿಚಿಕೊಂಡಿತು. ಹವಳದ ಮೈಯೊಳಗೆ ವಾಸಿಸಿ ಅದಕ್ಕೆ ಆಹಾರ, ಬಣ್ಣ ಎರಡನ್ನೂ ಕೊಡುವ ಸೂಕ್ಷ್ಮ ಪಾಚಿ ಬಿಸಿಗೆ ಹೊರಬಿದ್ದುಬಿಡುತ್ತದೆ. ಚೇತರಿಸಿಕೊಳ್ಳುತ್ತಿರುವ ಅಂಥ ಹವಳಕ್ಕೆ ಫಿನ್ನಿನ ಒಂದು ಒದೆತವೂ ಭಾರ.

ನಿಮ್ಮ ಮಗಳಿಗೆ ತೋರಿಸಲು ಒಂದು: ಗಿಳಿಮೀನು. ಹಸಿರು-ನೀಲಿ ಬಣ್ಣ, ಗಿಳಿಯ ಕೊಕ್ಕಿನಂಥ ಹಲ್ಲು. ಅದು ಹವಳದ ಬಂಡೆಯನ್ನು ಕೆರೆದು ತಿನ್ನುವಾಗ ತಲೆ ನೀರಲ್ಲಿಟ್ಟು ಸುಮ್ಮನಿದ್ದರೆ 'ಕರ್ ಕರ್' ಸದ್ದು ಸ್ಪಷ್ಟವಾಗಿ ಕೇಳುತ್ತದೆ. ತಿಂದ ಕಲ್ಲು ಪುಡಿಯಾಗಿ ಅದರ ಹಿಂದಿನಿಂದ ಬಿಳಿಮೋಡದಂತೆ ಹೊರಬೀಳುತ್ತದೆ. ಆ ದಡದ ಬಿಳಿ ಮರಳಿನ ಒಂದು ಪಾಲು ಹಾಗೆಯೇ ಆದದ್ದು. ಮೀನಿಗೆ ಬ್ರೆಡ್ಡು ಹಾಕಬೇಡಿ. ಬ್ರೆಡ್ಡಿನ ರುಚಿ ಹತ್ತಿದ ಮೀನು ಹವಳದ ಮೇಲಿನ ಪಾಚಿ ತಿನ್ನುವ ಕೆಲಸ ಬಿಡುತ್ತದೆ.

ಹವಳದ ಚೂರನ್ನು, ಸತ್ತದ್ದಾದರೂ, ಎತ್ತಿಕೊಂಡು ಬರಬೇಡಿ. 1972ರ ವನ್ಯಜೀವಿ ಕಾಯ್ದೆಯಡಿ ಹವಳ, ಸಮುದ್ರ ಸೌತೆ (ಸೌತೆಕಾಯಿಯಂತೆ ಕಾಣುವ ಕಡಲಜೀವಿ), ಕಡಲಕುದುರೆ, ಕೆಲವು ದೊಡ್ಡ ಚಿಪ್ಪುಗಳು ಸಂರಕ್ಷಿತ. ಚೀಲದಲ್ಲಿ ಸಿಕ್ಕರೆ ಅಪರಾಧ. ಮಕ್ಕಳ ಜೇಬನ್ನು ದೋಣಿ ಹತ್ತುವ ಮೊದಲು ಒಮ್ಮೆ ನೋಡಿ.

ಮಧ್ಯಾಹ್ನದ ನಡಿಗೆಗೆ ಒಂದು ಸಲಹೆ: ಕಲ್ಪೇನಿಯ ಪೂರ್ವ, ಆಗ್ನೇಯ ದಂಡೆಯಲ್ಲಿ ಹವಳದ ಕಲ್ಲುಗಳ ದೊಡ್ಡ ಒಡ್ಡು ಇದೆ. 1847ರ ಚಂಡಮಾರುತ ಸಮುದ್ರದಿಂದ ಎಸೆದದ್ದು ಅಂತ ಹೇಳುತ್ತಾರೆ. ಬೂದುಬಣ್ಣದ ಕಲ್ಲುಗಳ ಮೈಮೇಲೆ ಹವಳದ ಕಣ್ಣುಗಳು ಈಗಲೂ ನಕ್ಷತ್ರದ ಹಾಗೆ ಕಾಣುತ್ತವೆ. ದಪ್ಪ ತಳದ ಪಾದರಕ್ಷೆ ಬೇಕು. ಕಲ್ಲುಗಳು ಕಾಲಡಿ ಹೊರಳುತ್ತವೆ, ಅಂಚು ಹರಿತ. ಮಂಡಿನೋವಿನವರಿಗೆ ಬೇಡ. ಆ ಕಡೆ ನೀರಿಗಂತೂ ಇಳಿಯಲೇಬೇಡಿ. ಪೂರ್ವಕ್ಕೆ ಲಗೂನಿನ ರಕ್ಷಣೆಯಿಲ್ಲ, ತೆರೆ ನೇರವಾಗಿ ಬಡಿಯುತ್ತದೆ.

ಮೈಸೂರು_ಪಯಣ
ಸಮುದ್ರಸ್ನಾನದ ನಂತರ ಸಿಹಿನೀರಿನ ಸ್ನಾನಕ್ಕೆ ವ್ಯವಸ್ಥೆ ಇರುತ್ತದಲ್ಲವೇ?

ಹವಳಪ್ರೇಮಿ
ಇರುತ್ತದೆ, ದಯವಿಟ್ಟು ಎರಡು ಚೊಂಬಿನಲ್ಲಿ ಮುಗಿಸಿ. ಅಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆನೀರು ಮರಳಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ. ಪಂಪು ಹಾಕಿ ಜಾಸ್ತಿ ಎಳೆದರೆ ಅಡಿಯ ಉಪ್ಪುನೀರು ಬಾವಿಗೆ ಏರಿಬರುತ್ತದೆ. ಕವರತ್ತಿಯಲ್ಲಿ 2005ರಿಂದ ಸಮುದ್ರದ ಆಳದ ತಣ್ಣೀರನ್ನು ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಮಾಡುವ ಘಟಕ ಇದೆ. ಇಷ್ಟು ದೊಡ್ಡ ಏರ್ಪಾಡು ಬೇಕಾಯಿತೆಂದರೆ ಅಲ್ಲಿ ಸಿಹಿನೀರಿನ ಬೆಲೆ ಎಷ್ಟೆಂದು ನೋಡಿ.

ಧಾರವಾಡದಾಂವ
ಊಟದ ಬಗ್ಗೆ ಯಾರೂ ಹೇಳಲಿಲ್ಲಲ್ರಿ. ಸಸ್ಯಾಹಾರಿಗಳಿಗೆ?

ಕೊಚ್ಚಿಯಿಂದ_ಕನ್ನಡಿಗ
ಸಿಗುತ್ತದೆ, ಆದರೆ ಬುಕಿಂಗ್ ಮಾಡುವಾಗಲೇ ಬರೆಸಿ. ಅನ್ನ, ಸಾಂಬಾರು, ಪಲ್ಯ, ಹಪ್ಪಳ. ದ್ವೀಪದಲ್ಲಿ ತರಕಾರಿ ಬೆಳೆಯುವುದು ಕಡಿಮೆ, ಹೆಚ್ಚಿನದು ದಡದಿಂದಲೇ ಬರಬೇಕು. ಹಾಗಾಗಿ ಬಗೆಬಗೆಯದ್ದನ್ನು ನಿರೀಕ್ಷಿಸಬೇಡಿ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರು ಚಟ್ನಿಪುಡಿ, ಖಾಕ್ರಾ ಒಯ್ಯಿರಿ. ಮೀನು ತಿನ್ನುವವರಿಗೆ ಟ್ಯೂನಾ ಸಾರು. ಅಲ್ಲಿಯವರು ಟ್ಯೂನಾಕ್ಕೆ 'ಚೂರ' ಅಂತಾರೆ. ತೆಂಗಿನಕಾಯಿ, ಬೆಲ್ಲ ಹಾಕಿ ಮಾಡುವ ದ್ವೀಪದ ಹಲ್ವಾ ಸಿಕ್ಕರೆ ಬಿಡಬೇಡಿ.

ಊಟದ ನಂತರ ತೆಂಗಿನ ನೆರಳಲ್ಲಿ ಮಲಗುವವರು ತಲೆಯೆತ್ತಿ ಗೊನೆ ನೋಡಿ ಜಾಗ ಹಿಡಿಯಿರಿ. ಕಾಯಿ ಬೀಳಲು ಗಾಳಿ ಬೇಕೆಂದೇನಿಲ್ಲ.

ಇನ್ನೊಂದು: ಕೂಮೇಲ್ ದಡ ಬಿಟ್ಟು ಊರೊಳಗೆ ಹೋಗುವಾಗ ಹೆಗಲು, ಮಂಡಿ ಮುಚ್ಚುವ ಒಣಬಟ್ಟೆ ಹಾಕಿಕೊಳ್ಳಿ. ಊರಿನವರು ಬಹುಪಾಲು ಮುಸ್ಲಿಮರು, ಸೌಮ್ಯ ಜನ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ಶುಕ್ರವಾರ ಬಿದ್ದರೆ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ.

ಕಡಲಕರೆ_ಕುಂದಾಪುರ
ಈ ದ್ವೀಪಗಳೆಲ್ಲ ಮೊದಲು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವಂತೆ, ಹೌದೇ?

ದಕ್ಕೆಹುಡುಗ_ಮಂಗಳೂರು
ಎಲ್ಲವೂ ಅಲ್ಲ. ಉತ್ತರದ ಅಮಿನಿದಿವಿ ಗುಂಪು, ಅಂದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡಕ್ಕೆ ಸೇರಿದ್ದವು. ಕಲ್ಪೇನಿ, ಕವರತ್ತಿ, ಮಿನಿಕಾಯ್ ಮಲಬಾರಿಗೆ. ನಂಟು ಇನ್ನೂ ಇದೆ: ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು (ಸರಕು ಸಾಗಿಸುವ ಮರದ ಹಡಗುಗಳು) ಅಕ್ಕಿ, ತರಕಾರಿ, ಕಲ್ಲು, ಸಿಮೆಂಟು ತುಂಬಿಕೊಂಡು ಲಕ್ಷದ್ವೀಪಕ್ಕೆ ಹೋಗುತ್ತವೆ. ದ್ವೀಪಗಳಲ್ಲಿ ಕಾಣುವ ಕೆನರಾ ಬ್ಯಾಂಕಿನ ಶಾಖೆಗಳು 2020ರ ವಿಲೀನದ ಮುಂಚೆ ಸಿಂಡಿಕೇಟ್ ಬ್ಯಾಂಕಿನವು, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕು.

ಮೈಸೂರು_ಪಯಣ
ಎಲ್ಲರಿಗೂ ಅನಂತ ಧನ್ಯವಾದ. ನನ್ನ ಲೆಕ್ಕ: ಬೆಳಿಗ್ಗೆ ಗಾಜಿನ ತಳದ ದೋಣಿ, ಆಮೇಲೆ ಮಗಳೂ ನಾವೂ ಸೊಂಟದ ನೀರಲ್ಲಿ ಸ್ನಾರ್ಕೆಲ್, ಅತ್ತೆ ನೆರಳಲ್ಲಿ. ಸ್ಕೂಬಾ, ಕಯಾಕ್ ಇಲ್ಲ. ಸಂಜೆಯ ಕೊನೆ ದೋಣಿಗೆ ಹೋದರಾಯಿತಲ್ಲವೇ?

ದಕ್ಕೆಹುಡುಗ_ಮಂಗಳೂರು
ಅಕ್ಕ, ಅದೊಂದು ಬದಲಿಸಿ. ಅತ್ತೆಯವರಿರುವುದರಿಂದ ಮೊದಲ ದೋಣಿಗೇ ಹೋಗಿ. ಮಧ್ಯಾಹ್ನ ಗಾಳಿ ಏರಿದರೆ ಸಂಜೆಗೆ ತೆರೆ ಹೆಚ್ಚುತ್ತದೆ, ಕೊನೆಯ ದೋಣಿಯಲ್ಲಿ ಎಲ್ಲರಿಗೂ ಅವಸರ. ಮೂರೂವರೆಗೆ ದಕ್ಕೆಯ, ಅಂದರೆ ದೋಣಿಕಟ್ಟೆಯ, ಹತ್ತಿರ ಇರಿ. ಕಾಲಿನ ಮರಳನ್ನು ಅಲ್ಲೇ ಸಮುದ್ರದ ನೀರಲ್ಲಿ ತೊಳೆದು ಸ್ಯಾಂಡಲ್ ಪಟ್ಟಿ ಬಿಗಿಯಿರಿ. ತಳಕ್ಕೆ ಮರಳು ಮೆತ್ತಿದ್ದರೆ ಹಡಗಿನ ಕಬ್ಬಿಣದ ಮೆಟ್ಟಿಲ ಮೇಲೆ ಜಾರುತ್ತದೆ. ದೋಣಿಯಲ್ಲಿ ಅತ್ತೆಯವರನ್ನು ನಡುವಿನ ಹಲಗೆಯ ಮೇಲೆ ಕೂರಿಸಿ, ಹತ್ತುವಾಗ ಅವರು ಮೊದಲು, ನೀವು ಹಿಂದೆ. ಮಗು ಖಲಾಸಿಯ ಕೈಯಲ್ಲಿ. ಕೊಡೆಯನ್ನು ಮಡಚಿ ಚೀಲಕ್ಕೆ ಹಾಕಿ, ಕೈಯಲ್ಲಿ ಏನೂ ಇರಬಾರದು.